ಅಟ್ಲಾಸ್ ಧೂಳಿನಲ್ಲಿ ಉಳಿದದ್ದು, ಉದುರಿದ್ದು: ಮರುಭೂಮಿ ಸೈಕಲ್ ರೇಸಿನ ಕಿಟ್, ಕೆಲವು ವರ್ಷ ಬಳಸಿದ ಮೇಲೆ

ಮೊದಲೇ ತೀರ್ಪು ಹೇಳಿಬಿಡುತ್ತೇನೆ. ಪೂರ್ತಿ ಓದೋಕೆ ಪುರುಸೊತ್ತಿಲ್ಲದವರಿಗೆ ಇಷ್ಟೇ ಸಾಕು. ಸೈಕಲ್ಲಿಗೆ ಬೋಲ್ಟ್ ಹಾಕಿ ಕೂರಿಸಿದ ಸಾಮಾನೆಲ್ಲ ಇವತ್ತಿಗೂ ಕೆಲಸ ಮಾಡುತ್ತಿದೆ. ಪಟ್ಟಿ ಬಿಗಿದು ಕಟ್ಟಿದ್ದು, ವೆಲ್ಕ್ರೋದಲ್ಲಿ ಅಂಟಿಸಿದ್ದು, ಝಿಪ್ ಇದ್ದದ್ದು ಒಂದೊಂದಾಗಿ ಕೈಕೊಟ್ಟಿತು. ಮರುಭೂಮಿ ಅಂದರೆ ಎಲ್ಲರಿಗೂ ಬಿಸಿಲಿನದೇ ಚಿಂತೆ. ನನ್ನ ಸಾಮಾನನ್ನು ಹಾಳು ಮಾಡಿದ್ದು ಮಾತ್ರ ಕುಲುಕಾಟ, ಧೂಳು, ಮತ್ತೆ ರಾತ್ರಿಯ ಚಳಿ.

ಮೊರಾಕೊದ ಅಟ್ಲಾಸ್ ಮೌಂಟನ್ ರೇಸಿಗೆ ಅಂತ ಕೂಡಿಸಿದ ಕಿಟ್ ಇದು. ರೇಸ್ ಮುಗಿದ ಮೇಲೂ ಇದನ್ನೇ ಓಡಿಸುತ್ತಿದ್ದೇನೆ. ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಮಣ್ಣುದಾರಿ, ಕಛ್, ಸ್ಪಿತಿ ಎಲ್ಲ ಕಂಡಿದೆ. ಕೆಲವು ಭಾಗ ಬದಲಾಗಿವೆ, ಯಾವುದು ಯಾಕೆ ಅಂತ ಮುಂದೆ ಹೇಳುತ್ತೇನೆ.

ರೇಸ್ ಗೊತ್ತಿಲ್ಲದವರಿಗೆ ಎರಡು ಮಾತು. ಕಿರ್ಗಿಸ್ತಾನದಲ್ಲಿ ಸಿಲ್ಕ್ ರೋಡ್ ಮೌಂಟನ್ ರೇಸ್ ಶುರು ಮಾಡಿದ ನೆಲ್ಸನ್ ಟ್ರೀಸ್ ಅವರದೇ ಇದೂ. ಮೊದಲ ಸಲ ನಡೆದದ್ದು 2020ರ ಫೆಬ್ರವರಿಯಲ್ಲಿ, ಮರಾಕೆಶ್‌ನಿಂದ ಅಗಾದಿರ್ ಕಡೆಗೆ, ಸುಮಾರು 1145 ಕಿ.ಮೀ. ಆಮೇಲೆ ಕೊನೆಯ ಊರು ಎಸ್ಸಾವಿರಾ ಆಯಿತು, ದೂರವೂ 1300 ಕಿ.ಮೀ. ಆಸುಪಾಸಿಗೆ ಬೆಳೆಯಿತು. ಒಟ್ಟು ಏರು 20,000 ಮೀಟರ್ ಹತ್ತಿರ. ಗಡಿಯಾರ ನಿಲ್ಲುವುದೇ ಇಲ್ಲ, ನಿದ್ದೆಯ ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಹೊರಗಿನವರ ಸಹಾಯ ತೆಗೆದುಕೊಳ್ಳುವಂತಿಲ್ಲ, ಎಲ್ಲರಿಗೂ ಸಿಗುವ ಅಂಗಡಿ, ಹೋಟೆಲ್ ಮಾತ್ರ ಬಳಸಬಹುದು. ಮೊದಲ ವರ್ಷ ಗೆದ್ದ ಫ್ರಾನ್ಸ್‌ನ ಸೋಫಿಯಾನ್ ಸೆಹಿಲಿ ನಾಲ್ಕು ದಿನ ತುಂಬುವ ಮೊದಲೇ ಮುಗಿಸಿದರು. ನಮ್ಮಂಥವರು ಕೊನೆಯ ಗಡುವು ನೋಡಿಕೊಂಡು ತುಳಿಯೋದು. ಇಂಥ ರೇಸ್ ಗೆದ್ದವರ ಸಾಮಾನಿನ ಪಟ್ಟಿ ನೋಡಿ ಶಾಪಿಂಗ್ ಮಾಡಬೇಡಿ ಅಂತ ಅದಕ್ಕೇ ಹೇಳೋದು. ಅವರು ಮಲಗುವುದೇ ಇಲ್ಲ, ಹಾಸಿಗೆ ಯಾಕೆ ಬೇಕು? ನಾವು ದಿನಾ ರಾತ್ರಿ ಮಲಗುತ್ತೇವೆ.

ಈಗ ಬ್ಯಾಗ್‌ಗಳು. ಮೊದಲು ಇದ್ದದ್ದು ಸೀಟಿನ ಕೆಳಗಿನ ಕಂಬಿಗೆ ಪಟ್ಟಿಯಲ್ಲಿ ನೇತುಬೀಳುವ ದೊಡ್ಡ ಸೀಟ್ ಬ್ಯಾಗ್. ಕಂಪನಿ ಹೆಸರು ಬೇಡ, ಈ ಮಾದರಿಯ ಹೆಚ್ಚಿನವುಗಳ ಕಥೆ ಇದೇ. ಟಾರ್ ರಸ್ತೆಯಲ್ಲಿ ಬಹಳ ಚೆನ್ನಾಗಿರುತ್ತದೆ. ಕಲ್ಲುದಾರಿಯಲ್ಲಿ ಎದ್ದು ನಿಂತು ತುಳಿದರೆ ಎಮ್ಮೆಯ ಬಾಲದ ಹಾಗೆ ಆ ಕಡೆ ಈ ಕಡೆ ಆಡುತ್ತದೆ. ಆಡಿದಷ್ಟೂ ಪಟ್ಟಿ ಸಡಿಲ, ಸಡಿಲ ಆದಷ್ಟೂ ಬ್ಯಾಗ್ ಕೆಳಗೆ. ಕುಳ್ಳಗಿರುವವರ ಸಣ್ಣ ಫ್ರೇಮಿಗೆ 29 ಇಂಚಿನ ಚಕ್ರ ಹಾಕಿದರೆ ಸೀಟಿಗೂ ಟೈರಿಗೂ ನಡುವೆ ಜಾಗವೇ ಇರುವುದಿಲ್ಲ. ಟೈರ್ ತಾಗಿ ಬ್ಯಾಗಿನ ತಳ ಸವೆಯುತ್ತದೆ. ಸೀಟ್ ಪೋಸ್ಟ್, ಅಂದರೆ ಸೀಟು ಹೊರುವ ಕಂಬದ ಸುತ್ತ ಸುತ್ತಿದ ವೆಲ್ಕ್ರೋ ಒಳಗೆ ಮರಳು ಸೇರಿದರೆ ಇನ್ನೊಂದು ಕಷ್ಟ. ದಿನವಿಡೀ ಅದೇ ಜಾಗದಲ್ಲಿ ತಿಕ್ಕುತ್ತದೆ. ಕಾರ್ಬನ್ ಪೋಸ್ಟ್ ಇದ್ದವರು ಅಲ್ಲಿ ಹಳೇ ಟ್ಯೂಬಿನ ತುಂಡು ಸುತ್ತಿಕೊಳ್ಳಿ, ಖರ್ಚಿಲ್ಲದ ಕೆಲಸ.

ಅದರ ಜಾಗಕ್ಕೆ ಬಂದದ್ದು ಟೇಲ್‌ಫಿನ್‌ನ ಕ್ಯಾರಿಯರ್. ಒಂದು ತುದಿ ಹಿಂದಿನ ಆಕ್ಸಲ್‌ಗೆ, ಇನ್ನೊಂದು ತುದಿ ಸೀಟ್ ಪೋಸ್ಟಿಗೆ ಕೂರುತ್ತದೆ. ಅಲುಗಾಡುವುದೇ ಇಲ್ಲ. ತೂಕ ಸ್ವಲ್ಪ ಜಾಸ್ತಿ, ಬೆಲೆ ತುಂಬಾ ಜಾಸ್ತಿ. ಇಷ್ಟು ದುಡ್ಡು ಹಾಕಬೇಕಾ ಅಂತ ಕೇಳಿದರೆ, ವಾರಾಂತ್ಯಕ್ಕೆ ನಂದಿ ಬೆಟ್ಟ ಹತ್ತುವವರಿಗೆ ಖಂಡಿತ ಬೇಡ. ಸಾವಿರ ಕಿಲೋಮೀಟರ್ ಕಲ್ಲಿನ ಮೇಲೆ ಹೋಗುವವರಿಗೆ ಬೇಕು. ದುಡ್ಡು ಕಡಿಮೆ ಇದ್ದರೆ ಸಾಧಾರಣ ಸ್ಟೀಲ್ ಕ್ಯಾರಿಯರ್ ಹಾಕಿ, ಮೇಲೆ ನೀರು ಹೋಗದ ಚೀಲ ಕಟ್ಟಿ. ಮುರಿದರೆ ಮೊರಾಕೊದ ಪೇಟೆಗಳಲ್ಲಿ ವೆಲ್ಡಿಂಗ್ ಮಾಡುವವರು ಸಿಗುತ್ತಾರೆ. ಕಾರ್ಬನ್‌ಗೆ ಆ ಭಾಗ್ಯ ಇಲ್ಲ.

ಫ್ರೇಮಿನ ತ್ರಿಕೋನದೊಳಗೆ ಕೂರುವ ಫ್ರೇಮ್ ಬ್ಯಾಗಿನಲ್ಲಿ ಮೊದಲು ಸಾಯುವುದು ಝಿಪ್. ಹಲ್ಲು ಸವೆಯುವುದಕ್ಕಿಂತ ಮೊದಲು ಅದರ ಮೇಲೆ ಓಡುವ ಸ್ಲೈಡರ್ ಸವೆಯುತ್ತದೆ. ಆಗ ಮುಚ್ಚಿದ ಝಿಪ್ ಹಿಂದಿನಿಂದ ತಾನೇ ಬಿಚ್ಚಿಕೊಳ್ಳುತ್ತಾ ಬರುತ್ತದೆ. ಇಕ್ಕಳದಲ್ಲಿ ಸ್ಲೈಡರಿನ ಎರಡೂ ಬದಿ ಮೆಲ್ಲಗೆ ಒತ್ತಿದರೆ ಇನ್ನೂ ಕೆಲವು ದಿನ ನಡೆಯುತ್ತದೆ. ಬ್ಯಾಗ್ ರಿಪೇರಿಯವರ ಹತ್ತಿರ ಅದೇ ಸೈಜಿನ ಸ್ಲೈಡರ್ ತೆಗೆದುಕೊಂಡು ಜೊತೆಗಿಟ್ಟುಕೊಳ್ಳಿ. ದಿನಾ ಸಂಜೆ ಹಳೇ ಟೂತ್‌ಬ್ರಷ್‌ನಲ್ಲಿ ಧೂಳು ತೆಗೆದು, ಮೇಲೆ ಮೇಣದಬತ್ತಿ ಉಜ್ಜಿ. ಎಣ್ಣೆ ಮಾತ್ರ ಹಾಕಬೇಡಿ, ಧೂಳು ಅಂಟಿಕೊಂಡು ಕೂರುತ್ತದೆ. ಈಗ ನನ್ನ ಹತ್ತಿರ ಇರುವುದು ಓರ್ಟ್ಲೀಬ್‌ನ ಸುತ್ತಿ ಮುಚ್ಚುವ ಫ್ರೇಮ್ ಬ್ಯಾಗ್. ತೆರೆಯೋಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ, ಅದೊಂದು ಕಿರಿಕಿರಿ. ಆದರೆ ಒಳಗೆ ಧೂಳಿಲ್ಲ.

ಮುಂದಿನ ಚಕ್ರ ಹಿಡಿಯುವ ಫೋರ್ಕಿಗೆ ಎರಡು ಕೇಜ್ (ಬಾಟಲಿ ಕೂರಿಸುವ ಚೌಕಟ್ಟು), ತಲಾ ಒಂದು ದೊಡ್ಡ ಬಾಟಲಿ. ಈ ಬೋಲ್ಟ್‌ಗಳಿಗೆ ನೀಲಿ ಬಣ್ಣದ ಥ್ರೆಡ್‌ಲಾಕ್ (ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಲೇಬೇಕು. ಹಾಕಿದರೂ ಬೆಳಗ್ಗೆ ಹೊರಡುವ ಮೊದಲು ಕೈಯಲ್ಲಿ ಅಲುಗಾಡಿಸಿ ನೋಡೋದು ನನಗೆ ಅಭ್ಯಾಸ ಆಗಿದೆ. ಪಟ್ಟಿಗಳ ಪೈಕಿ ನಾನು ಈಗಲೂ ನಂಬುವುದು ವೋಯ್ಲೆ ಕಂಪನಿಯ ರಬ್ಬರಿನಂಥ ಪಟ್ಟಿ ಒಂದನ್ನೇ.

ಟೈರ್ ಬಗ್ಗೆ ನಮ್ಮವರಿಗೆ ಒಂದು ಅನುಕೂಲ ಇದೆ. ಬಳ್ಳಾರಿ ಜಾಲಿಗಿಂತ ಕೆಟ್ಟ ಮುಳ್ಳು ಬೇರೆಲ್ಲಿ ಹುಡುಕೋದು? ಟ್ಯೂಬ್‌ಲೆಸ್ ಟೈರನ್ನು ಬಯಲುಸೀಮೆಯ ಕೆರೆ ಏರಿಗಳ ಮೇಲೆ ಓಡಿಸಿ, ಒಳಗೆ ತುಂಬಿದ ಸೀಲೆಂಟ್ ದ್ರವ ತೂತು ಮುಚ್ಚುತ್ತದಾ ನೋಡಿ. ಅಲ್ಲಿ ಪಾಸಾದರೆ ಮೊರಾಕೊದಲ್ಲೂ ಪಾಸು. ನನ್ನದು ವಿಟೋರಿಯಾ ಮೆಝ್ಕಾಲ್, 2.25 ಇಂಚು. ಇದಕ್ಕಿಂತ ಸಣ್ಣ ಟೈರಿನಲ್ಲಿ ಹೋಗುವವರೂ ಇದ್ದಾರೆ, ಅವರ ಕೈ ಬೆರಳು ಜೋಮು ಹಿಡಿಯುವುದು ಅವರಿಗೇ ಗೊತ್ತು. ಸೀಲೆಂಟ್ ಒಣಗುತ್ತದೆ, ಒಣ ಹವೆಯಲ್ಲಿ ಬೇಗ. ವಿಮಾನ ಹತ್ತುವ ವಾರ ಹೊಸದಾಗಿ ತುಂಬಿ. ಟೈರಿನ ಬದಿ ಸೀಳಿದರೆ ಸೀಲೆಂಟ್‌ನಿಂದ ಏನೂ ಆಗದು, ಸೂಜಿ ಮತ್ತು ಗಟ್ಟಿ ದಾರ ಇಟ್ಟುಕೊಳ್ಳಿ. ಚೈನಿಗೆ ಮೇಣ ಒಳ್ಳೆಯದು. ಎಣ್ಣೆ ಹಾಕಿದರೆ ಧೂಳು ಕಲೆತು ಅರೆಯುವ ಪುಡಿ ಆಗಿಬಿಡುತ್ತದೆ. ಡಿಸ್ಕ್ ಬ್ರೇಕಿನ ಪ್ಯಾಡ್ ಹಳ್ಳಿಗಳಲ್ಲಿ ಸಿಗುವುದಿಲ್ಲ, ಎರಡು ಜೊತೆ ಇರಲಿ.

ನೀರಿನ ಫಿಲ್ಟರ್ ಬಗ್ಗೆ ಜಾಸ್ತಿ ಹೇಳಬೇಕು, ಯಾಕೆಂದರೆ ಇಲ್ಲಿ ತೊಂದರೆ ಕಣ್ಣಿಗೆ ಕಾಣುವುದಿಲ್ಲ. ಕ್ಯಾಟಡಿನ್ ಬಿಫ್ರೀ, ಸಾಯರ್ ಥರದ ಫಿಲ್ಟರ್‌ಗಳ ಒಳಗೆ ಟೊಳ್ಳು ನೂಲಿನಂಥ ಸಣ್ಣ ಕೊಳವೆಗಳಿರುತ್ತವೆ. ಒಮ್ಮೆ ಒದ್ದೆಯಾದ ಮೇಲೆ ಅದು ಹೆಪ್ಪುಗಟ್ಟಿದರೆ ಕೊಳವೆ ಒಡೆಯಬಹುದು. ನೀರು ಎಂದಿನಂತೆ ಬರುತ್ತಲೇ ಇರುತ್ತದೆ, ರೋಗಾಣು ಮಾತ್ರ ತಡೆಯುವುದಿಲ್ಲ. ಫೆಬ್ರವರಿಯಲ್ಲಿ ಅಟ್ಲಾಸ್‌ನ ಎತ್ತರದ ಜಾಗಗಳಲ್ಲಿ ರಾತ್ರಿ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಆದ್ದರಿಂದ ಫಿಲ್ಟರ್ ಹಗಲು ಬ್ಯಾಗಿನಲ್ಲಿ, ರಾತ್ರಿ ಮಲಗುವ ಚೀಲದೊಳಗೆ ನನ್ನ ಜೊತೆ. ಒಂದು ಸಲ ಹೆಪ್ಪುಗಟ್ಟಿತು ಅಂತ ಅನುಮಾನ ಬಂದರೂ ಎಸೆಯಿರಿ. ಇನ್ನೊಂದು ಮಿತಿ: ಈ ಫಿಲ್ಟರ್‌ಗಳು ವೈರಸ್ ತಡೆಯುವುದಿಲ್ಲ. ಊರಿನ ಪಕ್ಕದ ಕಾಲುವೆ, ಕುರಿ ಮೇಯುವ ಹಳ್ಳದ ನೀರು ಅಂದರೆ ಮೇಲಿಂದ ಕ್ಲೋರಿನ್ ಮಾತ್ರೆಯೂ ಹಾಕಬೇಕು. ಅದರ ಮೇಲೆ ಬರೆದಷ್ಟು ಹೊತ್ತು ಬಿಟ್ಟು ಕುಡಿಯಬೇಕು, ಚಳಿ ನೀರಾದರೆ ಇನ್ನೂ ಜಾಸ್ತಿ ಹೊತ್ತು. ಕೆಂಪು ಮಣ್ಣಿನ ನೀರನ್ನು ಮೊದಲು ಬಟ್ಟೆಯಲ್ಲಿ ಸೋಸಿ, ಇಲ್ಲದಿದ್ದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ನಾಲ್ಕು ಲೀಟರ್ ಹೊರುವ ವ್ಯವಸ್ಥೆ ಇರಲಿ. ಎಲ್ಲ ಕಡೆ ತುಂಬಿಸಿಕೊಳ್ಳಬೇಕಿಲ್ಲ, ಮುಂದಿನ ಅಂಗಡಿ ಎಷ್ಟು ದೂರ ಅಂತ ನಕ್ಷೆ ನೋಡಿ ತೀರ್ಮಾನಿಸಿ.

ಚಳಿಗೆ ನಮ್ಮ ಕಡೆ ಅಭ್ಯಾಸ ಮಾಡೋಕೆ ಜಾಗ ಇಲ್ಲ, ಅದಕ್ಕೇ ಸ್ಪಿತಿಗೆ ಹೋಗಿದ್ದು. ಅಟ್ಲಾಸ್‌ನ ಟಿಝಿ ನ್ ಟೆಲೂಎಟ್ ಕಣಿವೆದಾರಿ 2,200 ಮೀಟರಿಗೂ ಮೇಲೆ. ಹತ್ತುವಾಗ ಬೆವರು, ದಾಟಿ ಇಳಿಯುವಾಗ ನಡುಕ. ಇಳಿಜಾರಿನಲ್ಲಿ ಸೈಕಲ್ ಎತ್ತಿಕೊಂಡು ನಡೆಯುವ ಕತ್ತೆದಾರಿಯೂ ಇದೆ. ಅಡಿಯಲ್ಲಿ ಹಿಡಿತವೇ ಇಲ್ಲದ ಸೈಕ್ಲಿಂಗ್ ಬೂಟು ಹಾಕಿಕೊಂಡು ಹೋಗಬೇಡಿ. ಗರಿ ತುಂಬಿದ ಹಗುರ ಜಾಕೆಟ್, ದಪ್ಪ ಕೈಗವಸು, ಬಿವಿ ಚೀಲ (ಮಲಗುವ ಚೀಲದ ಮೇಲೆ ಹಾಕುವ ತೆಳು ಹೊದಿಕೆ), ಸೊನ್ನೆ ಡಿಗ್ರಿಗೆ ಸಾಕಾಗುವ ಮಲಗುವ ಚೀಲ ಇಷ್ಟು ನನ್ನ ಹತ್ತಿರ ಇದ್ದದ್ದು. ಗಾಳಿ ತುಂಬುವ ಹಾಸಿಗೆ ಮಾತ್ರ ಮುಳ್ಳಿಗೆ ಸೋತಿತು. ಈಗ ಮಡಚುವ ಫೋಮ್ ಹಾಸಿಗೆಯ ಅರ್ಧ ತುಂಡು ಕತ್ತರಿಸಿ ಇಟ್ಟುಕೊಂಡಿದ್ದೇನೆ. ನೋಡೋಕೆ ಚೆನ್ನಾಗಿಲ್ಲ, ಪಂಕ್ಚರ್ ಆಗಲ್ಲ.

ಕರೆಂಟಿಗೆ ಮುಂದಿನ ಚಕ್ರದಲ್ಲಿ, ಚಕ್ರ ತಿರುಗಿದಂತೆ ಕರೆಂಟ್ ಕೊಡುವ ಡೈನಮೋ ಹಬ್, ಜರ್ಮನಿಯ ಸಾನ್ 28. ಲೈಟಿಗೆ ಅದ್ಭುತ. ಚಾರ್ಜಿಂಗ್ ಬಗ್ಗೆ ಮಾತ್ರ ಜನ ಹೇಳುವುದನ್ನೆಲ್ಲ ನಂಬಬೇಡಿ. ಗಂಟೆಗೆ ಹನ್ನೆರಡು ಕಿಲೋಮೀಟರಿಗಿಂತ ನಿಧಾನವಾದರೆ ಫೋನಿಗೆ ಬರುವುದು ಅಷ್ಟಕ್ಕಷ್ಟೇ, ಮತ್ತೆ ಈ ರೇಸಿನ ಏರಿನಲ್ಲಿ ಹನ್ನೆರಡು ಅನ್ನೋದು ಕನಸು. ಹಾಗಾಗಿ ಪವರ್‌ಬ್ಯಾಂಕ್ ಬೇಕೇ ಬೇಕು. ದಾರಿ ತೋರಿಸೋಕೆ ಗಾರ್ಮಿನ್ ಇಟ್ರೆಕ್ಸ್ 32ಎಕ್ಸ್. ಹಳೇ ಕಾಲದ ಗುಂಡಿ, ಸಣ್ಣ ಪರದೆ. ಆದರೆ ಎರಡು ಎಎ ಸೆಲ್‌ನಲ್ಲಿ ಒಂದು ದಿನ ಓಡುತ್ತದೆ, ಆ ಸೆಲ್ ಹಳ್ಳಿ ಅಂಗಡಿಯಲ್ಲೂ ಸಿಗುತ್ತದೆ.

ಇಲ್ಲೇ ಭಾರತದವರಿಗೆ ಮುಖ್ಯವಾದ ಒಂದು ವಿಷಯ. ವಿದೇಶಿಯರ ಸಾಮಾನಿನ ಪಟ್ಟಿಗಳಲ್ಲೆಲ್ಲ ಗಾರ್ಮಿನ್ ಇನ್‌ರೀಚ್ ಇರುತ್ತದೆ, ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಣ್ಣ ಸಾಧನ. ನಮ್ಮ ದೇಶದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಸ್ಯಾಟಲೈಟ್ ಫೋನ್ ಆಗಲಿ, ಇಂಥ ಮೆಸೆಂಜರ್ ಆಗಲಿ ಇಟ್ಟುಕೊಳ್ಳುವಂತಿಲ್ಲ. ವಿದೇಶದಿಂದ ಬಂದ ಪ್ರವಾಸಿಗರನ್ನು ಇದೇ ಕಾರಣಕ್ಕೆ ವಿಮಾನ ನಿಲ್ದಾಣದಲ್ಲಿ ತಡೆದದ್ದು ಸುದ್ದಿಯಾಗಿತ್ತು. ಮೊರಾಕೊದಲ್ಲೇ ಕೊಂಡು ವಾಪಸ್ ತರುವ ಆಲೋಚನೆಯನ್ನೂ ಬಿಡಿ. ನೀವು ಎಲ್ಲಿದ್ದೀರಿ ಅಂತ ತೋರಿಸುವ ರೇಸಿನ ಟ್ರ್ಯಾಕರ್ ಅಲ್ಲೇ ಕೊಡುತ್ತಾರೆ, ಅಲ್ಲೇ ವಾಪಸ್ ಪಡೆಯುತ್ತಾರೆ.

ಊಟದ ಚಿಂತೆ ಸಸ್ಯಾಹಾರಿಗಳಿಗೆ ಸ್ವಲ್ಪ ಇರುತ್ತದೆ. ಹಳ್ಳಿ ಅಂಗಡಿಯಲ್ಲಿ ರೊಟ್ಟಿ, ತ್ರಿಕೋನದ ಚೀಸ್, ಖರ್ಜೂರ, ಬಾದಾಮಿ, ಬಿಸ್ಕೆಟ್ ಸಿಗುತ್ತದೆ. ಹೋಟೆಲಿನಲ್ಲಿ ತರಕಾರಿ ತಜೀನ್ (ಮಣ್ಣಿನ ಪಾತ್ರೆಯಲ್ಲಿ ನಿಧಾನವಾಗಿ ಬೇಯಿಸಿದ ಪಲ್ಯ) ಕೇಳಬಹುದು, ಆದರೆ ಅದು ಬೇಯೋಕೆ ಹೊತ್ತು ಬೇಕು. ಮೊಟ್ಟೆ ತಿನ್ನುವವರಿಗೆ ಆಮ್ಲೆಟ್ ಬೇಗ. ಬೆಳಗ್ಗೆ ಎಣ್ಣೆಯಲ್ಲಿ ಬೇಯಿಸಿದ ಪದರ ಪದರದ ಎಂಸೆಮೆನ್ ಸಿಕ್ಕರೆ ಬಿಡಬೇಡಿ, ಜೊತೆಗೆ ಅಮ್ಲೂ ಇದ್ದರೆ ಇನ್ನೂ ಒಳ್ಳೆಯದು. ಬಾದಾಮಿ, ಆರ್ಗಾನ್ ಎಣ್ಣೆ, ಜೇನು ಸೇರಿಸಿ ಅರೆದದ್ದು ಅದು. ಮನೆಯಿಂದ ನಾನು ಒಯ್ದದ್ದು ಶೇಂಗಾ ಹೋಳಿಗೆ, ಹುರಿಗಡಲೆ ತಂಬಿಟ್ಟು, ಚಟ್ನಿಪುಡಿ. ಹೋಳಿಗೆ ಗೆದ್ದಿತು, ತಂಬಿಟ್ಟು ಕುಲುಕಾಟಕ್ಕೆ ಪುಡಿಯಾಯಿತು. ಚಟ್ನಿಪುಡಿ ಆ ಚೀಸ್ ರೊಟ್ಟಿಯ ಮೇಲೆ ಹಾಕಿಕೊಳ್ಳೋಕೆ.

ಪ್ರಯಾಣದ ವಿಷಯ. ಬೆಂಗಳೂರಿನಿಂದ ಕೊಲ್ಲಿ ದೇಶದ ಯಾವುದಾದರೂ ಊರಿನಲ್ಲಿ ವಿಮಾನ ಬದಲಿಸಿ ಕಾಸಾಬ್ಲಾಂಕಾ, ಅಲ್ಲಿಂದ ರೈಲಿನಲ್ಲಿ ಮರಾಕೆಶ್. ಸೈಕಲ್ ಒಯ್ಯೋಕೆ ಗಟ್ಟಿ ಪೆಟ್ಟಿಗೆ, ಮೆತ್ತನೆ ಬ್ಯಾಗ್, ರಟ್ಟಿನ ಡಬ್ಬಿ ಮೂರನ್ನೂ ಬಳಸಿದ್ದೇನೆ. ಹೊರಡುವ ಊರು, ಮುಗಿಯುವ ಊರು ಬೇರೆ ಬೇರೆ ಆದ ರೇಸಿಗೆ ರಟ್ಟಿನ ಡಬ್ಬಿಯೇ ಸರಿ. ಸೈಕಲ್ ಅಂಗಡಿಯವರು ಸುಮ್ನೆ ಕೊಡುತ್ತಾರೆ, ಅಲ್ಲೇ ಬಿಟ್ಟು ಬರಬಹುದು. ಗಟ್ಟಿ ಪೆಟ್ಟಿಗೆ ಮರಾಕೆಶ್‌ನಲ್ಲಿ ಉಳಿದರೆ ಅದಕ್ಕಾಗಿಯೇ ವಾಪಸ್ ಹೋಗಬೇಕು. ಎಸ್ಸಾವಿರಾದಿಂದ ಮರಾಕೆಶ್‌ಗೆ ಬಸ್ಸಿನಲ್ಲಿ ಮೂರು ಗಂಟೆ, ಸೂಪ್ರಾಟೂರ್ಸ್ ಬಸ್ಸಿನಲ್ಲಿ ಸೈಕಲ್ಲಿಗೆ ಬೇರೆ ದುಡ್ಡು ಕೊಟ್ಟು ಹಾಕಬಹುದು. ಪ್ಯಾಕ್ ಮಾಡುವಾಗ ಗೇರ್ ಬದಲಿಸುವ ಹಿಂದಿನ ಡೆರೈಲರ್ ಬಿಚ್ಚಿ ಫ್ರೇಮಿನ ಒಳಗಡೆ ಕಟ್ಟಿ. ಡಿಸ್ಕ್ ರೋಟರ್ ಕಳಚಿ ಬಟ್ಟೆ ನಡುವೆ ಇಡಿ, ಬ್ರೇಕ್ ಪ್ಯಾಡ್‌ಗಳ ನಡುವೆ ರಟ್ಟಿನ ತುಂಡು ಸಿಗಿಸಿ. ಡೆರೈಲರನ್ನು ಫ್ರೇಮಿಗೆ ಹಿಡಿಯುವ ಹ್ಯಾಂಗರ್ ಎರಡು ಹೆಚ್ಚುವರಿ ಇರಲಿ, ನಿಮ್ಮ ಫ್ರೇಮಿನದು ಅಲ್ಲಿ ಹುಡುಕಿದರೂ ಸಿಗಲ್ಲ.

ಪವರ್‌ಬ್ಯಾಂಕ್ ಕೈಚೀಲದಲ್ಲೇ ಇರಬೇಕು. 20,000 ಎಂಎಎಚ್‌ನದು 74 ವ್ಯಾಟ್ ಅವರ್, 100ರ ಮಿತಿಯೊಳಗೆ ಬರುತ್ತದೆ. ಅದರ ಮೇಲೆ ಅಚ್ಚಾದ ಅಕ್ಷರ ಅಳಿಸಿಹೋಗಿದ್ದರೆ ಭದ್ರತಾ ಸಿಬ್ಬಂದಿ ಒಪ್ಪದೇ ಇರಬಹುದು. ಗಾಳಿ ತುಂಬುವ ಸಿಒ2 ಸಿಲಿಂಡರ್ ಮನೆಯಲ್ಲೇ ಬಿಡಿ, ಕೈಪಂಪ್ ಸಾಕು. ಹೊರಡುವಾಗ ಕಸ್ಟಮ್ಸ್ ಕೌಂಟರಿನಲ್ಲಿ ಸೈಕಲ್ ತೋರಿಸಿ, ಫ್ರೇಮ್ ನಂಬರ್ ಬರೆಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ಇಲ್ಲದಿದ್ದರೆ ವಾಪಸ್ ಬರುವಾಗ ಹೊಸದಾಗಿ ಕೊಂಡು ತಂದಿದ್ದೀರಿ ಅಂತ ಸುಂಕ ಕೇಳಿದರೆ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ. ಈ ಕೆಲಸಕ್ಕೆ ಒಂದು ಗಂಟೆ ಜಾಸ್ತಿ ಇಟ್ಟುಕೊಳ್ಳಿ, ಡಬ್ಬಿ ಅಂಟಿಸುವ ಟೇಪೂ ಕೈಯಲ್ಲಿರಲಿ.

ದಿರ್ಹಮ್ ನೋಟು ಅಲ್ಲಿ ಇಳಿದ ಮೇಲೆ ಎಟಿಎಂನಲ್ಲೇ ತೆಗೆಯಿರಿ, ಚಿಲ್ಲರೆ ಮಾಡಿಸಿ. ಹಳ್ಳಿಗಳಲ್ಲಿ ಕಾರ್ಡ್ ನಡೆಯುವುದಿಲ್ಲ. ವಿಮೆ ಮಾಡಿಸುವಾಗ ಸಣ್ಣ ಅಕ್ಷರ ಓದಿ. ಸಾಮಾನ್ಯ ಪ್ರವಾಸ ವಿಮೆಗಳಲ್ಲಿ ರೇಸ್ ಅಂದ ತಕ್ಷಣ ದುಡ್ಡು ಕೊಡುವುದಿಲ್ಲ ಅನ್ನುವ ಸಾಲು ಎಲ್ಲೋ ಇರುತ್ತದೆ.

ಇಷ್ಟು ಬಳಸಿದ ಮೇಲೆ ಕಣ್ಣು ಮುಚ್ಚಿ ಮತ್ತೆ ಕೊಳ್ಳುವುದು ಡೈನಮೋ, ಟೈರ್, ಹಿಂದಿನ ಕ್ಯಾರಿಯರ್. ಹ್ಯಾಂಡಲ್‌ಬಾರ್ ಬ್ಯಾಗ್ ಇನ್ನೂ ಪಟ್ಟಿಯದೇ ಇದೆ. ಕೇಬಲ್‌ಗಳನ್ನು ಒತ್ತಿ ಗೇರ್ ಕೆಡಿಸುತ್ತದೆ, ಮುಂದೆ ಬದಲಾಯಿಸುವುದು ಅದನ್ನೇ. ಬೋಲ್ಟ್‌ನಲ್ಲಿ ಕೂರುವ ಮುಂದಿನ ರ‍್ಯಾಕ್ ಯಾರಾದರೂ ಕಲ್ಲುದಾರಿಯಲ್ಲಿ ಬಳಸಿದ್ದರೆ ತಿಳಿಸಿ. ತೂಕ ಎಷ್ಟು ಅನ್ನುವುದಕ್ಕಿಂತ, ಸಾವಿರ ಕಿಲೋಮೀಟರ್ ಆದ ಮೇಲೆ ಸ್ಕ್ರೂ ಎಷ್ಟು ಉಳಿದಿದ್ದವು ಅಂತ ಹೇಳಿ.