ಗಗನಚುಕ್ಕಿಯಲ್ಲಿ ತಲೆ ಬಾಗದ ಲೆನ್ಸ್: 1,200 ರೂಪಾಯಿಯ ಟ್ರೈಪಾಡ್ ಕಾಲರ್ ಬಳಸಿದ ಮೇಲೆ

ಗಗನಚುಕ್ಕಿಯಲ್ಲಿ ನಾವು ನಿಂತು ನೋಡುವ ಜಾಗ ಕಣಿವೆಯ ಈಚೆ ಇದೆ, ನೀರು ಬೀಳುವುದು ಆಚೆ. ಬಂಡೆಗಳ ನಡುವಿನ ಒಂದೇ ಒಂದು ಧಾರೆ ಬೇಕು ಅಂದರೆ ದೂರದ್ದನ್ನು ಹತ್ತಿರ ತರುವ ಟೆಲಿ ಲೆನ್ಸೇ ಆಗಬೇಕು. ಮಳವಳ್ಳಿಯಿಂದ ಹತ್ತಿರ, ಹಾಗಾಗಿ ಮಳೆಗಾಲದಲ್ಲಿ ಭಾನುವಾರ ಬಿಡುವಾದರೆ ನಾನು ಅಲ್ಲಿರುತ್ತೇನೆ.

ನನ್ನದು ಕ್ಯಾನನ್ ಇಎಫ್ 70-200 ಎಫ್/4 ಎಲ್ ಐಎಸ್. 2006ರಲ್ಲಿ ಬಂದ ಮೊದಲ ಮಾದರಿ, ಸೆಕೆಂಡ್‌ಹ್ಯಾಂಡ್ ಕೊಂಡಿದ್ದು. ತೂಕ 760 ಗ್ರಾಂ. ಕ್ಯಾಮೆರಾ 80ಡಿ, ಅದು 730 ಗ್ರಾಂ. ಕಾಲರ್ ಅಂದರೆ ಲೆನ್ಸಿಗೆ ತೊಡಿಸಿ ಟ್ರೈಪಾಡಿಗೆ ಬಿಗಿಯುವ ಪಟ್ಟಿ. ಈ ಲೆನ್ಸಿಗೆ ಅದು ಜೊತೆಯಲ್ಲಿ ಬರುವುದಿಲ್ಲ, ಬೇರೆ ಕೊಳ್ಳಬೇಕು. "ಇಷ್ಟು ಹಗುರ ಲೆನ್ಸಿಗೆ ಕಾಲರ್ ಯಾಕೆ ಮೇಡಂ?" ಅಂದಿದ್ದರು ಅಂಗಡಿಯವರು. ನನಗೂ ಹಾಗೇ ಅನ್ನಿಸಿತ್ತು. ಎರಡು ಮಳೆಗಾಲ ಕ್ಯಾಮೆರಾವನ್ನೇ ಟ್ರೈಪಾಡಿಗೆ ಬಿಗಿದು ಕಳೆದೆ.

ಆ ಎರಡು ವರ್ಷದ ಫೋಟೋಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅಳಿಸಿದ್ದೇನೆ. ಫ್ರೇಮ್ ಸರಿ ಮಾಡಿ, ಬಾಲ್ ಹೆಡ್ (ಟ್ರೈಪಾಡಿನ ಮೇಲೆ ಎಲ್ಲ ಕಡೆಗೂ ತಿರುಗುವ ಗುಂಡು ತಲೆ) ಬಿಗಿ ಮಾಡಿ ಕೈ ಬಿಟ್ಟರೆ ಲೆನ್ಸಿನ ಮೂತಿ ಒಂದಿಷ್ಟು ಕೆಳಗೆ ಇಳಿಯುತ್ತಿತ್ತು. 200 ಮಿ.ಮೀ.ನಲ್ಲಿ, ಅಂದರೆ ಪೂರ್ತಿ ಜೂಮ್ ಮಾಡಿದಾಗ, ಆ ಒಂದಿಷ್ಟೇ ಸಾಕು, ಮೇಲಿನ ಬಂಡೆ ಫ್ರೇಮಿನಿಂದ ಹೊರಗೆ. ಹಾಗಾಗಿ ಬೇಕಾದ್ದಕ್ಕಿಂತ ಸ್ವಲ್ಪ ಮೇಲಕ್ಕೆ ಇಟ್ಟು, ಅದು ಇಳಿದು ಸರಿಯಾಗಲಿ ಅಂತ ಕಾಯುತ್ತಿದ್ದೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಏತದ ಮರದ ಉದಾಹರಣೆ ಕೊಟ್ಟು ಮಕ್ಕಳಿಗೆ ಇದನ್ನೇ ಪಾಠ ಮಾಡುತ್ತೇನೆ. ಭಾರ ಎಷ್ಟು ಅನ್ನುವುದರ ಜೊತೆಗೆ ಆಧಾರದಿಂದ ಎಷ್ಟು ದೂರ ಅನ್ನುವುದೂ ಲೆಕ್ಕ. ಕ್ಯಾಮೆರಾದ ತಳಕ್ಕೆ ಆಧಾರ ಕೊಟ್ಟರೆ 17 ಸೆಂ.ಮೀ. ಉದ್ದದ ಲೆನ್ಸ್ ಪೂರ್ತಿ ಮುಂದಕ್ಕೆ ತೂಗುತ್ತದೆ. ಕಾಲರ್ ಆ ಆಧಾರವನ್ನೇ ಮುಂದಕ್ಕೆ ತಂದು, ಲೆನ್ಸ್ ಒಂದು ಕಡೆ, ಕ್ಯಾಮೆರಾ ಇನ್ನೊಂದು ಕಡೆ ತೂಗುವ ಹಾಗೆ ಮಾಡುತ್ತದೆ. ಈ ಲೆನ್ಸ್ ಜೂಮ್ ಮಾಡಿದಾಗ ಉದ್ದ ಆಗುವುದೂ ಇಲ್ಲ. ಹಾಗಾಗಿ 70ರಲ್ಲಿ ಸಿಕ್ಕ ಸಮತೋಲ 200ರಲ್ಲೂ ಹಾಗೇ ಉಳಿಯುತ್ತದೆ.

ಕ್ಯಾನನ್ನಿನ ಸ್ವಂತ ಕಾಲರಿನ ಬೆಲೆ ಕೇಳಿ ಹಿಂದೆ ಸರಿದೆ. ಕೊಂಡಿದ್ದು ಅದೇ ಅಳತೆಯ, ಹೆಸರಿಲ್ಲದ ಒಂದು ಬಿಳಿ ಕಾಲರ್. 1,200 ರೂಪಾಯಿ. ಕೀಲು ಬಿಚ್ಚಿ, ಲೆನ್ಸಿಗೆ ಬಳೆಯ ಹಾಗೆ ತೊಡಿಸಿ, ನಾಬ್ ತಿರುಗಿಸಿದರೆ ಆಯಿತು.

ಮೂತಿ ಇಳಿಯುವುದು ಮೊದಲ ದಿನವೇ ನಿಂತಿತು. ಆದರೆ ನನಗೆ ನಿಜವಾದ ಖುಷಿ ಕೊಟ್ಟಿದ್ದು ಬೇರೆ. ಜಲಪಾತಕ್ಕೆ ಉದ್ದ ಫ್ರೇಮ್ ಬೇಕು, ಅಲ್ವಾ? ಮೊದಲು ಅದಕ್ಕಾಗಿ ಬಾಲ್ ಹೆಡ್ಡನ್ನು ಪಕ್ಕಕ್ಕೆ ಮಲಗಿಸಬೇಕಿತ್ತು. ಕ್ಯಾಮೆರಾ ಟ್ರೈಪಾಡಿನ ನಡುವಿನಿಂದ ಹೊರಗೆ ಜೋತು ಬೀಳುತ್ತಿತ್ತು, ಕಷ್ಟಪಟ್ಟು ಕೂಡಿಸಿದ ಫ್ರೇಮ್ ಕೆಡುತ್ತಿತ್ತು. ಈಗ ನಾಬ್ ಸಡಿಲಿಸಿ ಲೆನ್ಸನ್ನು ಇದ್ದಲ್ಲೇ ತಿರುಗಿಸುತ್ತೇನೆ. ಅಡ್ಡ ಫ್ರೇಮಿನ ನಡುವೆ ಇದ್ದ ಧಾರೆ ಉದ್ದ ಫ್ರೇಮಿನಲ್ಲೂ ನಡುವೆಯೇ ಇರುತ್ತದೆ. ಮೋಡ ಸರಿದು ಬೆಳಕು ಬದಲಾಗುವ ಮೊದಲೇ ಎರಡೂ ಸಿಗುತ್ತವೆ. ಐಎಸ್‌ಒ 100, ಎಫ್/16, ಹೊಳಪು ತಗ್ಗಿಸುವ ಪೋಲರೈಸರ್ ಫಿಲ್ಟರ್ ಹಾಕಿ ಕಾಲು ಸೆಕೆಂಡು. ಐಎಸ್ (ಕೈ ನಡುಕ ಸರಿದೂಗಿಸುವ ವ್ಯವಸ್ಥೆ) ಆಫ್, ಲೈವ್ ವ್ಯೂ (ಹಿಂದಿನ ಪರದೆಯಲ್ಲಿ ನೋಡುವುದು) ಆನ್, ಎರಡು ಸೆಕೆಂಡಿನ ಟೈಮರ್. ನೀರು ಹತ್ತಿಯ ಹಾಗೆ, ಬಂಡೆಯ ಮೇಲಿನ ಪಾಚಿ ಎಳೆ ಎಳೆಯಾಗಿ ಬಂತು. ಮನೆಗೆ ಬಂದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದಾಗ ಕಣ್ಣು ತುಂಬಿತು.

ಕೊರತೆ ಇಲ್ಲ ಅಂತಲ್ಲ. ಒಳಗೆ ಅಂಟಿಸಿದ್ದ ಬಟ್ಟೆಯ ಪಟ್ಟಿ ನಾಲ್ಕನೇ ತಿಂಗಳಿಗೇ ಒಂದು ಕಡೆ ಎದ್ದಿತು. ಆಮೇಲೆ ನಾಬ್ ಎಷ್ಟು ಬಿಗಿ ಮಾಡಿದರೂ ಲೆನ್ಸ್ ಒಂದು ಕೂದಲೆಳೆಯಷ್ಟು ಜಾರುತ್ತಿತ್ತು. ಹಳೆಯದನ್ನು ಕಿತ್ತು, ಟೈಲರ್ ಅಂಗಡಿಯಿಂದ ತಂದ ತೆಳುವಾದ ವೆಲ್ವೆಟ್ ಪಟ್ಟಿ ಅಂಟಿಸಿದೆ. ಈಗ ಅದು ಮೂಲಕ್ಕಿಂತ ಚೆನ್ನಾಗಿ ಹಿಡಿಯುತ್ತದೆ. ಇನ್ನೊಂದು, ಕಾಲರಿನ ಪಾದದಲ್ಲಿ, ಅಂದರೆ ಟ್ರೈಪಾಡಿನ ಕಡೆ ಚಾಚಿದ ಭಾಗದಲ್ಲಿ, ಇರುವುದು ಒಂದೇ ಸ್ಕ್ರೂ ತೂತು. ಹಾಗಾಗಿ ಅದನ್ನು ಟ್ರೈಪಾಡಿಗೆ ಸೇರಿಸುವ ಪ್ಲೇಟ್ ಸ್ಕ್ರೂ ಸುತ್ತ ತಿರುಗಿಬಿಡುತ್ತದೆ. ನಾಣ್ಯ ಹಾಕಿ ಗಟ್ಟಿಯಾಗಿ ಬಿಗಿಯಿರಿ, ಬರೀ ಬೆರಳು ಸಾಲದು. ಪ್ಲೇಟನ್ನು ಅಡ್ಡಕ್ಕಲ್ಲ, ಲೆನ್ಸ್ ಚಾಚಿರುವ ದಿಕ್ಕಿಗೇ ಕೂರಿಸಿ. ಆಗ ಹಿಂದೆ ಮುಂದೆ ಸರಿಸಿ ತೂಕ ಸರಿದೂಗಿಸಬಹುದು.

ಬ್ಯಾಗಿನಲ್ಲಿ ಪಾದ ಅಡ್ಡ ಬರುತ್ತದೆ, ಅದು ಸಹಿಸಿಕೊಳ್ಳುವ ವಿಷಯ.

ಕೊಕ್ಕರೆ ಬೆಳ್ಳೂರಿಗೆ ಹೋದಾಗ ಮಾತ್ರ ಕಾಲರ್ ಬಿಚ್ಚಿಡುತ್ತೇನೆ. ಅಲ್ಲಿ ಹೆಜ್ಜಾರ್ಲೆಗಳು ಮನೆಗಳ ಪಕ್ಕದ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ. ಬೀದಿಯಲ್ಲಿ ನಿಂತು ಕೈಯಲ್ಲೇ ಹಿಡಿದು, ಹಾರುವ ಹಕ್ಕಿಯ ಹಿಂದೆ ಲೆನ್ಸ್ ತಿರುಗಿಸಬೇಕು. ಬಿಚ್ಚಲು ಸಮಯ ಇಲ್ಲದಿದ್ದರೆ ಪಾದವನ್ನು ಮೇಲಕ್ಕೆ ತಿರುಗಿಸಿ, ಆಗ ಅಂಗೈಗೆ ಚುಚ್ಚುವುದಿಲ್ಲ.

ಬರೀ ಹಕ್ಕಿ ತೆಗೆಯುವವರು, ಅದೂ ಇಂಥ ಹಗುರ ಲೆನ್ಸಿನಲ್ಲಿ, ಇದಕ್ಕೆ ದುಡ್ಡು ಹಾಕಬೇಡಿ. ಟ್ರೈಪಾಡ್ ಇಟ್ಟು ನಿಧಾನ ಶಟರಿನಲ್ಲಿ ನೀರು, ಬೆಟ್ಟ, ಚಂದ್ರ ತೆಗೆಯುವವರು ಮೊದಲ ಮಳೆಗಾಲದಲ್ಲೇ ಕೊಳ್ಳಿ. ಕೊಂಡ ದಿನವೇ ಒಳಗಿನ ಪಟ್ಟಿಯನ್ನು ಉಗುರಿನಿಂದ ಎಬ್ಬಿಸಿ ನೋಡಿ. ಸುಲಭವಾಗಿ ಎದ್ದರೆ ವೆಲ್ವೆಟ್ಟೂ ತಂದಿಟ್ಟುಕೊಳ್ಳಿ.