ನಾಲ್ಕು ಗಂಟೆಯ ಸಿಗರೇಟಿನ ಜಾಗಕ್ಕೆ: ಗಮ್, ಪ್ಯಾಚ್, ಸೋಂಪು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹುರಿದ ಸೋಂಪಿಗೆ. ಹಾಗಂತ ನಿಕೋಟಿನ್ ಗಮ್ಮಿಗೆ (ಸಿಗರೇಟಿನ ಚಟ ಹಿಡಿಸುವ ನಿಕೋಟಿನ್ ಅನ್ನೇ ಹೊಗೆಯಿಲ್ಲದೆ ಕೊಡುವ ಚೂಯಿಂಗ್ ಗಮ್) ಹಾಕಿದ ದುಡ್ಡು ದಂಡವಲ್ಲ. ಮೊದಲ ಮೂರು ವಾರ ಅದಿಲ್ಲದಿದ್ದರೆ ನಾನು ಮತ್ತೆ ಹಚ್ಚಿಬಿಡುತ್ತಿದ್ದೆ. ಆದರೆ ಸಿಗರೇಟು ಬಿಟ್ಟವರನ್ನು ಎರಡು ಕಾಡುತ್ತವೆ. ಒಂದು ಮೈಯ ಚಡಪಡಿಕೆ. ಇನ್ನೊಂದು, ಬೇಕಾದವರು ಯಾರೋ ಊರು ಬಿಟ್ಟು ಹೋದರೇನೋ ಅನ್ನಿಸುವ ಖಾಲಿತನ. ಈ ಎರಡನೆಯದರ ಬಗ್ಗೆ ನನಗೆ ಯಾರೂ ಹೇಳಿರಲಿಲ್ಲ.

14 ವರ್ಷ, ದಿನಕ್ಕೆ ಎಂಟು-ಹತ್ತು ಸೇದುತ್ತಿದ್ದೆ. ಬೆಳಗಿನದು, ಊಟದ ನಂತರದ್ದು ಹೇಗೋ ಹೋದವು. ಸಂಜೆ ನಾಲ್ಕರದ್ದು ಮಾತ್ರ ಜೀವ ಹಿಂಡಿತು. ಆಫೀಸಿನ ಎದುರಿನ ದರ್ಶಿನಿ, ಹೊರಗಿನ ಕಟ್ಟೆ, ಗೆಳೆಯನ ಜತೆ ಬೈಟು ಕಾಫಿ, ಇಬ್ಬರಿಗೂ ಒಂದೊಂದು ಸಿಗರೇಟು.

ಮೆಡಿಕಲ್ ಶಾಪಿನಿಂದ 2 ಮಿ.ಗ್ರಾಂ ನಿಕೋಟಿನ್ ಗಮ್ ತಂದೆ. ಮೊದಲ ದಿನ ಮಾಮೂಲಿ ಚೂಯಿಂಗ್ ಗಮ್ ಥರ ಜಗಿದು ಗಂಟಲು ಉರಿ, ಬಿಡದ ಬಿಕ್ಕಳಿಕೆ. ಆಮೇಲೆ ಕ್ರಮ ಗೊತ್ತಾಯಿತು: ನಿಧಾನ ಜಗಿಯಬೇಕು, ಬಾಯಿ ಚುರುಗುಟ್ಟಿದರೆ ನಿಲ್ಲಿಸಿ ಕೆನ್ನೆಯ ಒಳಗೆ ಒತ್ತಿಟ್ಟುಕೊಳ್ಳಬೇಕು, ಚುರುಚುರು ಹೋದ ಮೇಲೆ ಮತ್ತೆ ಜಗಿಯಬೇಕು. ಹೀಗೆ ಅರ್ಧ ಗಂಟೆ.

ತೊಡಕು ಇದ್ದದ್ದು ಕಾಫಿಯಲ್ಲಿ. ಗಮ್ಮಿನ ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಇಳಿಯಬೇಕು. ಕಾಫಿ ಕುಡಿದರೆ ಬಾಯಲ್ಲಿ ಆಮ್ಲ ಹೆಚ್ಚಿ ಅದು ಸರಿಯಾಗಿ ಇಳಿಯುವುದಿಲ್ಲ. ಅದಕ್ಕೇ ಗಮ್ ಹಾಕಿಕೊಳ್ಳುವ 15 ನಿಮಿಷ ಮೊದಲಿಂದ ಅದು ಬಾಯಲ್ಲಿರುವಷ್ಟು ಹೊತ್ತೂ ಕಾಫಿ ಮುಟ್ಟುವ ಹಾಗಿಲ್ಲ.

ಅಂದರೆ ಗಮ್ ತೀರಾ ಬೇಕಾಗಿದ್ದ ಹೊತ್ತಿಗೇ ಕಾಫಿಯನ್ನೂ ಬಿಡಬೇಕು. ಗೆಳೆಯ ರೂಢಿಯಂತೆ ಬೈಟು ತರುತ್ತಿದ್ದ. ನನ್ನ ಲೋಟ ಕಟ್ಟೆಯ ಮೇಲೆ ಆರಿ, ಕೆನೆ ಕಟ್ಟಿ, ಹಾಗೇ ವಾಪಸ್ ಹೋಗುತ್ತಿತ್ತು. ಕೆನ್ನೆಯಲ್ಲಿ ಗಮ್ ಇಟ್ಟುಕೊಂಡು ಮಾತೂ ಸರಿ ಬರುತ್ತಿರಲಿಲ್ಲ. ವಾರ ಕಳೆಯುವಷ್ಟರಲ್ಲಿ ಹೋಗುವುದನ್ನೇ ನಿಲ್ಲಿಸಿದೆ. ಸಿಗರೇಟಿನ ಜತೆ ಕಾಫಿಯೂ ಗೆಳೆಯನೂ ಹೋದ ಆ ದಿನಗಳಷ್ಟು ಸಂಕಟ ಮತ್ತೆಂದೂ ಆಗಲಿಲ್ಲ. ಸೀಟಿನಲ್ಲಿ ಕೂತು ಗಡಿಯಾರ ನೋಡುತ್ತಿದ್ದೆ.

ಚರ್ಮಕ್ಕೆ ಅಂಟಿಸಿಕೊಳ್ಳುವ ನಿಕೋಟಿನ್ ಪ್ಯಾಚಿಗೆ ಕಾಫಿಯ ತಕರಾರಿಲ್ಲ. ಆದರೆ ರಾತ್ರಿ ಬಿಚ್ಚದೆ ಮಲಗಿದರೆ ಕನಸುಗಳ ಹಾವಳಿ. ಕನಸಲ್ಲಿ ಸೇದಿ, ತಪ್ಪು ಮಾಡಿದೆ ಅಂತ ಬೆಚ್ಚಿ ಎದ್ದಿದ್ದೇನೆ. ಬೆಲೆಯೂ ನನ್ನ ಜೇಬಿಗೆ ಭಾರ.

ಸೋಂಪು ಅಕ್ಕ ಕೊಟ್ಟದ್ದು. ಹುರಿದು, ಕಲ್ಲುಸಕ್ಕರೆ ಬೆರೆಸಿ, ಚಿಕ್ಕ ಡಬ್ಬಿಗೆ ಹಾಕಿ, "ಆ ಜೇಬಲ್ಲೇ ಇಟ್ಕೋ" ಅಂದಳು. ಸಿಗರೇಟು ಪ್ಯಾಕ್ ಇರುತ್ತಿದ್ದ ಜೇಬಲ್ಲೇ ಇಟ್ಟುಕೊಂಡೆ. ಒಂದೊಂದೇ ಕಾಳನ್ನು ಎರಡು ಬೆರಳಲ್ಲಿ ಹಿಡಿದು ಬಾಯಿಗಿಡುವಾಗ ಕೈಗೆ ಕೆಲಸ ಸಿಕ್ಕಿತು. ಕಾಫಿ ಗುಟುಕಿನ ಮಧ್ಯೆಯೂ ನಡೆಯುತ್ತದೆ. ಮತ್ತೆ ಕಟ್ಟೆಗೆ ಹೋದ ದಿನ ಗೆಳೆಯ, "ಬಂದ್ಯಾ ಗುರೂ" ಅಂದವನೇ ಒಳಗೆ ಹೋಗಿ ಬೈಟು ತಂದ. ನನ್ನ ಗಂಟಲು ಕಟ್ಟಿತು.

ಸೋಂಪಿನಲ್ಲಿ ನಿಕೋಟಿನ್ ಇಲ್ಲ, ಮೈಯ ಚಡಪಡಿಕೆಗೆ ಅದು ಮದ್ದಲ್ಲ. ಎದ್ದ ಕೂಡಲೇ ಹಚ್ಚುವ ಅಭ್ಯಾಸ ಇರುವವರು ಡಾಕ್ಟರನ್ನು ಕೇಳಿ ಗಮ್ಮೋ ಪ್ಯಾಚೋ ಶುರು ಮಾಡಿ; ಸಿಗರೇಟು ಪ್ಯಾಕಿನ ಮೇಲೇ ಇರುವ 1800-11-2356ಕ್ಕೆ ಕರೆ ಮಾಡಿದರೆ ದುಡ್ಡಿಲ್ಲದೆ ಸಲಹೆ ಸಿಗುತ್ತದೆ. ನಾಲ್ಕು ಗಂಟೆಗೆ ಮಾತ್ರ ಸೋಂಪಿನ ಡಬ್ಬಿ ಜತೆಗಿರಲಿ.

ನನ್ನ ಗಮ್ಮಿನ ಕೊನೆಯ ಸ್ಟ್ರಿಪ್ ಡ್ರಾಯರಿನಲ್ಲಿ ಹಾಗೇ ಬಿದ್ದಿದೆ. ಗೆಳೆಯ ಇನ್ನೂ ಸೇದುತ್ತಾನೆ, ಆದರೆ ನಮ್ಮ ಬೈಟು ಮುಗಿಯುವ ತನಕ ಹಚ್ಚುವುದಿಲ್ಲ. ಅಲ್ಲಿಯವರೆಗೆ ನನ್ನ ಡಬ್ಬಿಗೇ ಕೈ ಹಾಕುತ್ತಾನೆ.