ಧಾರವಾಡದ ನರ್ಸರಿಯೊಂದರ ಸ್ನ್ಯಾಪ್‌ಡ್ರ್ಯಾಗನ್ ಸಸಿಗಳು

ಕಾಡುಬಗೆಗೆ ಹತ್ತಿರವಾದ, ಎತ್ತರಕ್ಕೆ ಬೆಳೆಯುವ ಸ್ನ್ಯಾಪ್‌ಡ್ರ್ಯಾಗನ್ ಸಸಿಗಳನ್ನು ಧಾರವಾಡದ ನರ್ಸರಿಯೊಂದರಿಂದ ಅಕ್ಟೋಬರಿನಲ್ಲಿ ತಂದು ನೆಟ್ಟಿದ್ದೆ. ಜನವರಿಯಲ್ಲಿ ಅವು ಹಿತ್ತಿಲ ತುಂಬ ಹೂಬಿಟ್ಟಿದ್ದು, ಈ ಖರೀದಿ ನನಗೆ ಪೂರ್ಣ ತೃಪ್ತಿ ತಂದಿದೆ.

ಮೆಡಿಟರೇನಿಯನ್ ಪ್ರದೇಶದ ಕಲ್ಲುಸಂದುಗಳಲ್ಲಿ, ಹಳೆಯ ಗೋಡೆಗಳ ಮೇಲೆ ತಾನಾಗಿ ಬೆಳೆಯುವ ಈ ಗಿಡದ ಬೇರಿನ ಬಳಿ ನೀರು ನಿಲ್ಲಬಾರದು. ಆದ್ದರಿಂದ ನಮ್ಮ ಕಡೆಯ ಎರೆಮಣ್ಣಿನಲ್ಲಿ ನೇರವಾಗಿ ನೆಡದೆ, ಕೆಮ್ಮಣ್ಣು, ಮರಳು ಮತ್ತು ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಬೆರೆಸಿ ಏರುಮಡಿ ಮಾಡಿಕೊಳ್ಳಬೇಕೆಂದು ಅಲ್ಲಿಯ ಮಾಲಿ ಕೇಳದೆಯೇ ತಿಳಿಸಿದರು. ಇಂಥ ಕಾಳಜಿಗಾಗಿಯೇ ಆ ನರ್ಸರಿಗೆ ಹೋಗಬೇಕು. ಸಸಿ 8ರಿಂದ 10 ಸೆಂ.ಮೀ. ಬೆಳೆದಾಗ ತುದಿ ಚಿವುಟಿದರೆ ಕವಲು ಹೆಚ್ಚುತ್ತವೆ, ನೀರನ್ನು ಬೆಳಿಗ್ಗೆ ಬುಡಕ್ಕಷ್ಟೇ ಹಾಕಿದರೆ ಎಲೆಯಡಿಯ ತುಕ್ಕುರೋಗ ದೂರವಿರುತ್ತದೆ ಎಂಬ ಅವರ ಮಾತುಗಳೂ ನಿಜವಾದವು. ಮುಚ್ಚಿದ ತುಟಿಯಂಥ ಹೂವನ್ನು ದೊಡ್ಡ ದುಂಬಿಗಳು ಬಲದಿಂದ ತೆರೆದು ಒಳಹೋಗುವುದನ್ನು ನೋಡುವ ಸಂತೋಷವೇ ಬೇರೆ.

ಅಲ್ಲಿಯ ಬೀಜದ ಪೊಟ್ಟಣದ ವಿಷಯದಲ್ಲಿ ಮಾತ್ರ ಅಸಮಾಧಾನವಿದೆ: ಧೂಳಿನಷ್ಟು ಸಣ್ಣ ಬೀಜಗಳು ಮೊಳೆಯಲು ಬೆಳಕು ಬೇಕು, ಮಣ್ಣಿನ ಮೇಲೆ ಉದುರಿಸಿ ಮೆಲ್ಲಗೆ ಒತ್ತಬೇಕೇ ಹೊರತು ಮುಚ್ಚಬಾರದು ಎಂಬ ಮುಖ್ಯ ಸೂಚನೆಯೇ ಅದರ ಮೇಲಿಲ್ಲ. ಮಾರ್ಚಿನ ಬಿಸಿಲಿಗೆ ಗಿಡ ಸೊರಗುವುದರಿಂದ, ಕೊಳ್ಳುವವರು ದೀಪಾವಳಿಯೊಳಗೆ ಸಸಿಗಳನ್ನೇ ಕೊಳ್ಳುವುದು ಒಳ್ಳೆಯದು.